ನಾಯಕಿಗೆ ಒಸಿಡಿ ಇದೆ, ಪ್ರೇಮಕಥೆ ಹೇಗೆ ಬರೆಯಲಿ?

ಪ್ರಶ್ನೆ: ನಾನೊಂದು ಪ್ರೇಮ ಕಾದಂಬರಿ ಬರೆಯುತ್ತಿದ್ದೇನೆ. ನಾಯಕಿಗೆ 28 ವರ್ಷ, ಅವಳಿಗೆ ಒಸಿಡಿ (ಒಬ್ಸೆಸಿವ್ ಕಂಪಲ್ಸಿವ್ ಡಿಸಾರ್ಡರ್, ಅಂದರೆ ಗೀಳು ಕಾಯಿಲೆ) ಇದೆ. ಪದೇ ಪದೇ ಕೈ ತೊಳೆಯುತ್ತಾಳೆ, ಎಲ್ಲವನ್ನೂ ನೀಟಾಗಿ ಜೋಡಿಸಿಡುತ್ತಾಳೆ. ನಾಯಕ ತುಂಬಾ ತಾಳ್ಮೆಯವನು. ಅವನ ಪ್ರೀತಿಯಿಂದ ಅವಳು ನಿಧಾನವಾಗಿ ಸರಿಹೋಗುತ್ತಾಳೆ. ಹಸ್ತಪ್ರತಿ ಓದಿದ ಗೆಳತಿಯೊಬ್ಬಳಿಗೆ ನಿಜವಾಗಿಯೂ ಒಸಿಡಿ ಇದೆ. ಅವಳು, 'ಕಥೆ ಚೆನ್ನಾಗಿದೆ, ಆದರೆ ನೀನು ಬರೆದಿರೋದು ಕಾಯಿಲೆ ಅಲ್ಲ, ಅಭ್ಯಾಸ' ಅಂದಳು. ಎಲ್ಲಿ ತಪ್ಪಿದ್ದೇನೆ? ಇಬ್ಬರೂ ಹತ್ತಿರವಾಗುವ ದೃಶ್ಯಗಳನ್ನು ಹೇಗೆ ಬರೆಯಬೇಕು? ಸುಖಾಂತ್ಯ ಮಾತ್ರ ಬೇಕೇ ಬೇಕು.

ಉತ್ತರ: ನಿಮ್ಮ ಗೆಳತಿ ಒಂದೇ ಮಾತಲ್ಲಿ ತಪ್ಪಿರುವ ಜಾಗ ತೋರಿಸಿಬಿಟ್ಟಿದ್ದಾರೆ. ಅಲ್ಲಿಂದಲೇ ಶುರು ಮಾಡುತ್ತೇನೆ. ನೀಟಾಗಿಡುವ ಅಭ್ಯಾಸದಲ್ಲಿ ಒಂದು ಖುಷಿ ಇರುತ್ತದೆ. ಪುಸ್ತಕಗಳನ್ನು ಎತ್ತರ ನೋಡಿ ಜೋಡಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದರೆ 'ಹಾಂ, ಈಗ ಸರಿಯಾಯ್ತು' ಅನ್ನಿಸುತ್ತದೆ. ಒಸಿಡಿಯಲ್ಲಿ ಆ 'ಸರಿಯಾಯ್ತು' ಬರುವುದೇ ಇಲ್ಲ, ಬಂದರೂ ನಿಲ್ಲುವುದಿಲ್ಲ. ಬೇಡ ಬೇಡ ಅಂದುಕೊಂಡೇ ಮಾಡುತ್ತಾಳೆ, ಮಾಡಿ ಸುಸ್ತಾಗುತ್ತಾಳೆ, ಯಾರಾದರೂ ನೋಡಿದರೇನೋ ಅಂತ ನಾಚಿಕೊಳ್ಳುತ್ತಾಳೆ, ಐದು ನಿಮಿಷ ಬಿಟ್ಟು ಮತ್ತೆ ಅದನ್ನೇ ಮಾಡುತ್ತಾಳೆ. ನಿಮ್ಮ ನಾಯಕಿ ಹೆಮ್ಮೆಯಿಂದ ಕಪಾಟು ಜೋಡಿಸುತ್ತಿದ್ದರೆ ಅದು ಅವಳ ಸ್ವಭಾವ. ಅದನ್ನು ಇಟ್ಟುಕೊಳ್ಳಿ, ಪರವಾಗಿಲ್ಲ. ಆದರೆ ಅದಕ್ಕೆ ಒಸಿಡಿ ಅನ್ನಬೇಡಿ.

ಒಸಿಡಿ ಇರುವವರ ಜೊತೆ, ಅವರ ಗಂಡ, ಹೆಂಡತಿ, ಪ್ರೇಮಿಗಳ ಜೊತೆ ಕೂತು ಮಾತಾಡುವುದೇ ನನ್ನ ಕೆಲಸ. ಪ್ರೇಮಕಥೆ ಓದುವುದೂ ನನಗೆ ತುಂಬಾ ಇಷ್ಟ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಈ ಕಾಯಿಲೆಯಲ್ಲಿ ಎರಡು ಸಂಗತಿ ಒಂದಕ್ಕೊಂದು ಗಂಟು ಬಿದ್ದಿರುತ್ತವೆ. ಮೊದಲನೆಯದು ಕರೆಯದೇ ಬರುವ ಯೋಚನೆ, ಚಿತ್ರ ಅಥವಾ ತುಡಿತ. ಎರಡನೆಯದು, ಅದರಿಂದ ಹುಟ್ಟಿದ ಭಯವನ್ನು ಇಳಿಸೋಕೆ ಮಾಡುವ ಕೆಲಸ. ಜನ ನೋಡುವುದು ಎರಡನೆಯದನ್ನು ಮಾತ್ರ. ಅದಕ್ಕೇ ಕಥೆಗಳಲ್ಲೂ ಬರೀ ನಲ್ಲಿ, ಸೋಪು, ಬೀಗ. ಇನ್ನೂ ಒಂದು ವಿಷಯ: ಆ 'ಕೆಲಸ' ಎಷ್ಟೋ ಜನರಲ್ಲಿ ಹೊರಗೆ ಕಾಣುವುದೇ ಇಲ್ಲ. ಮನಸ್ಸಲ್ಲೇ ಎಣಿಸುತ್ತಾರೆ, ಒಂದು ಕೆಟ್ಟ ಚಿತ್ರ ಬಂದರೆ ಒಳ್ಳೆಯ ಚಿತ್ರ ತಂದು ಅದರ ಮೇಲೆ ಮುಚ್ಚುತ್ತಾರೆ, ನಿನ್ನೆ ಸಂಜೆಯ ಮಾತುಕತೆಯನ್ನು ಮೊದಲಿಂದ ಕೊನೆಯವರೆಗೆ ತಲೆಯಲ್ಲಿ ಓಡಿಸಿ 'ನಾನು ಯಾರಿಗೂ ನೋವು ಮಾಡಿಲ್ಲ ತಾನೇ' ಅಂತ ಹುಡುಕುತ್ತಾರೆ. ಪಕ್ಕದಲ್ಲೇ ಕೂತ ಪ್ರೇಮಿಗೆ ಅವಳು ಸುಮ್ನೆ ಕಿಟಕಿಯಾಚೆ ನೋಡುತ್ತಿದ್ದಾಳೆ ಅಂತ ಕಾಣುತ್ತದೆ. ಒಳಗಿನ ದನಿಯನ್ನೇ ಬರೆಯಬಲ್ಲ ಕಾದಂಬರಿಕಾರರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಎಲ್ಲಿದೆ ಹೇಳಿ.

ಇಂಥ ಯೋಚನೆ ಬರುವುದೇ ಕಾಯಿಲೆ ಅಂದುಕೊಳ್ಳಬೇಡಿ. 1978ರಲ್ಲಿ ರಾಕ್‌ಮನ್ ಮತ್ತು ಡಿ ಸಿಲ್ವಾ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಯಾವ ಕಾಯಿಲೆಯೂ ಇಲ್ಲದವರನ್ನು ಕೇಳಿ ನೋಡಿದರು. 100ಕ್ಕೆ ಸುಮಾರು 80 ಜನ ತಮಗೂ ಇಂಥವು ಬರುತ್ತವೆ ಅಂದರು. ಎತ್ತರದ ಜಾಗದಲ್ಲಿ ನಿಂತಾಗ 'ಪಕ್ಕದವರನ್ನು ತಳ್ಳಿಬಿಟ್ಟರೆ?' ಅಂತ ಒಂದು ಕ್ಷಣ ಹೊಳೆಯುತ್ತದಲ್ವಾ, ಅಂಥವು. ಹೆಚ್ಚಿನವರು 'ಛೆ' ಅಂದು ಮುಂದೆ ಹೋಗುತ್ತಾರೆ. ನಿಮ್ಮ ನಾಯಕಿ ಹಾಗೆ ಹೋಗಲಾರಳು. 'ಇಂಥ ಯೋಚನೆ ಬಂತು ಅಂದರೆ ನಾನು ಎಂಥವಳು?' ಅಂತ ಅಲ್ಲೇ ನಿಲ್ಲುತ್ತಾಳೆ. ಮೊದಲು ಒಂದು ಹೆಜ್ಜೆ ಹಿಂದೆ ಸರಿಯುತ್ತಾಳೆ. ಆಮೇಲೆ ಕೈ ಕಟ್ಟಿಕೊಂಡು ನಿಲ್ಲುತ್ತಾಳೆ. ಒಂದು ತಿಂಗಳಾದ ಮೇಲೆ ಬಾಲ್ಕನಿಗೇ ಹೋಗುವುದಿಲ್ಲ. ಹಿಂದೆ ಸರಿದಾಗಲೆಲ್ಲ ಸಿಗುವ ಚೂರು ನೆಮ್ಮದಿ 'ನೀನು ಸರಿದದ್ದಕ್ಕೇ ಏನೂ ಆಗಲಿಲ್ಲ' ಅಂತ ಪಾಠ ಹೇಳಿಕೊಡುತ್ತದೆ. ಕಾಯಿಲೆ ಬೆಳೆಯುವುದು ಆ ನೆಮ್ಮದಿಯಿಂದಲೇ.

19ನೇ ಶತಮಾನದ ಫ್ರಾನ್ಸ್‌ನ ವೈದ್ಯರು ಇದಕ್ಕೆ 'ಸಂಶಯದ ಹುಚ್ಚು' ಅನ್ನುವ ಅರ್ಥದ ಹೆಸರಿಟ್ಟಿದ್ದರು. 'ಹುಚ್ಚು' ಅನ್ನುವ ಪದ ಇವತ್ತು ಬೇಡ. ಆದರೆ ಕಾಯಿಲೆಯ ತಿರುಳು ಸಂಶಯ ಅನ್ನುವುದನ್ನು ಅವರು ಸರಿಯಾಗಿ ಹಿಡಿದಿದ್ದರು. ಬರೆಯುವಾಗ ಕೊಳೆಯನ್ನು ಮರೆತು ಸಂಶಯವನ್ನು ಹಿಡಿದುಕೊಳ್ಳಿ.

ಬೀಗದ ಉದಾಹರಣೆಯನ್ನೇ ಹತ್ತಿರದಿಂದ ನೋಡೋಣ. ನಾಯಕ ಕೆಳಗೆ ಕಾಯುತ್ತಿದ್ದಾನೆ, ಇಬ್ಬರೂ ಮೊದಲ ಸಲ ಹೊರಗೆ ಹೋಗುವ ಸಂಜೆ. ಅವಳು ಬೀಗ ಹಾಕಿದಳು, ಎಳೆದು ನೋಡಿದಳು, ಬಿದ್ದಿದೆ. ಮೆಟ್ಟಿಲ ಹತ್ತಿರ ಬಂದಾಗ ಎಳೆದದ್ದು ಕೈಗೆ ನೆನಪಿದೆ, ಆದರೆ ಅದು ಇವತ್ತಿನದಾ, ನಿನ್ನೆಯದಾ? ವಾಪಸ್ ಹೋದಳು. ಈ ಸಲ ಎಳೆಯುವಾಗ 'ಇವತ್ತು ಬುಧವಾರ, ಇದು ಬುಧವಾರದ್ದು' ಅಂತ ಬಾಯಿಬಿಟ್ಟು ಹೇಳಿಕೊಂಡಳು. ಮೂರನೇ ಸಲ ಬೀಗದ ಫೋಟೋ ತೆಗೆದಳು. ಕೆಳಗಿಳಿದು ಫೋಟೋ ನೋಡಿದಳು. ಸರಿಯಾಗೇ ಇದೆ. ಫೋಟೋ ತೆಗೆದಾದ ಮೇಲೆ ಕೈ ತಾಗಿ ಬೀಗ ಸಡಿಲವಾಗಿದ್ದರೆ? 40 ನಿಮಿಷ ತಡವಾಗಿ ಹೋಗಿ 'ಅಮ್ಮನ ಫೋನ್ ಬಂತು' ಅಂದಳು. ಸಂಜೆಯೆಲ್ಲ ಅವಳಿಗೆ ಬೀಗದ ಚಿಂತೆಯ ಜೊತೆಗೆ ಸುಳ್ಳು ಹೇಳಿದ ಚಿಂತೆಯೂ ಸೇರಿಕೊಂಡಿತು.

ಇಲ್ಲಿ ಅವಳ ನೆನಪಿನ ಶಕ್ತಿ ಕೆಟ್ಟಿಲ್ಲ. 2003ರಲ್ಲಿ ವಾನ್ ಡೆನ್ ಹೌಟ್ ಮತ್ತು ಕಿಂಟ್ ಅನ್ನುವ ಸಂಶೋಧಕರು ಕಾಯಿಲೆಯಿಲ್ಲದವರಿಗೆ ಕಂಪ್ಯೂಟರ್ ಪರದೆ ಮೇಲೆ ಗ್ಯಾಸ್ ಒಲೆ ತೋರಿಸಿ, ಆಫ್ ಆಗಿದೆಯಾ ಅಂತ ಮತ್ತೆ ಮತ್ತೆ ನೋಡಿಸಿದರು. ಅವರ ನೆನಪು ತಪ್ಪಾಗಲಿಲ್ಲ. ಆದರೆ ಆ ನೆನಪು ಮಸುಕಾಯಿತು, ಅದರ ಮೇಲಿನ ನಂಬಿಕೆ ಕಡಿಮೆಯಾಯಿತು. ಅಂದರೆ ಜಾಸ್ತಿ ನೋಡಿದಷ್ಟೂ ಸಂಶಯ ಜಾಸ್ತಿ. ನಾಯಕ 'ಇನ್ನೊಂದ್ಸಲ ನೋಡ್ಕೊಂಡು ಬಾ, ಸಮಾಧಾನ ಆಗುತ್ತೆ' ಅಂತ ಪ್ರೀತಿಯಿಂದ ಹೇಳಿದರೆ ಅದು ಅವಳನ್ನು ಇನ್ನಷ್ಟು ಒಳಗೆ ತಳ್ಳುತ್ತದೆ. ಅವನಿಗೆ ಇದು ಗೊತ್ತಿಲ್ಲ. ನಿಮಗೆ ಗೊತ್ತಿರಬೇಕು.

ರೋಗ ಅಂತ ಗುರುತಿಸುವಾಗ ವೈದ್ಯರು ಕೇಳುವ ಮಾತೊಂದಿದೆ: ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಹೋಗುತ್ತದಾ, ಅಥವಾ ಕೆಲಸಕ್ಕೆ, ಸಂಬಂಧಕ್ಕೆ ಪೆಟ್ಟು ಬೀಳುವಷ್ಟು ಕಾಟ ಇದೆಯಾ? ಒಂದು ಹಾಳೆ ತೆಗೆದುಕೊಂಡು ನಾಯಕಿಯ ಒಂದು ದಿನದ 24 ಗಂಟೆಯ ಲೆಕ್ಕ ಬರೆಯಿರಿ. ಕಾಯಿಲೆ ಎಷ್ಟು ಹೊತ್ತು ತಿಂದಿತು, ಅದನ್ನು ಯಾವುದರಿಂದ ಕದ್ದಿತು, ನಿದ್ದೆಯಿಂದಲೋ ಆಫೀಸಿನಿಂದಲೋ ಗೆಳೆಯರಿಂದಲೋ? ಕಥೆಗೆ ಬೇಕಾದ ಎಷ್ಟೋ ದೃಶ್ಯಗಳು ಅಲ್ಲೇ ಸಿಗುತ್ತವೆ. ಇನ್ನೊಂದು ಲೆಕ್ಕ ಅವಳ ವಯಸ್ಸಿನದು. ಒಸಿಡಿ ಬಹಳ ಜನರಲ್ಲಿ ಚಿಕ್ಕಂದಿನಲ್ಲಿ ಅಥವಾ 20ರ ಆಸುಪಾಸಿನಲ್ಲಿ ಶುರುವಾಗುತ್ತದೆ. ಅಂದರೆ 28ರ ಹೊತ್ತಿಗೆ ಅವಳು ಇದರ ಜೊತೆ ಎಂಟು ಹತ್ತು ವರ್ಷ ಬದುಕಿರಬಹುದು. ಮುಚ್ಚಿಡುವುದರಲ್ಲಿ ಪಳಗಿರುತ್ತಾಳೆ. ಅವನಿಗೆ ಮೊದಲ ಅಧ್ಯಾಯದಲ್ಲೇ ಎಲ್ಲವೂ ಕಂಡುಬಿಟ್ಟರೆ ನಂಬೋದು ಕಷ್ಟ.

ಈಗ ಪ್ರೀತಿಯ ವಿಷಯ.

ಒಸಿಡಿ ಹಿಡಿದುಕೊಳ್ಳುವುದು ಮನುಷ್ಯನಿಗೆ ಯಾವುದು ತುಂಬಾ ಮುಖ್ಯವೋ ಅದನ್ನು. ದೇವರಲ್ಲಿ ಭಕ್ತಿ ಇರುವವರಿಗೆ ದೇವರನ್ನು ಬಯ್ಯುವ ಯೋಚನೆ ಬರುತ್ತದೆ. ಮಗುವಿನ ಮೇಲೆ ಜೀವ ಇಟ್ಟುಕೊಂಡ ತಾಯಿಗೆ ಮಗುವಿಗೆ ತಾನೇ ಏನಾದರೂ ಮಾಡಿಬಿಡುವ ಚಿತ್ರ ಬರುತ್ತದೆ. ಹಾಗಾದರೆ ಪ್ರೀತಿಯಲ್ಲಿ ಬಿದ್ದ ಹುಡುಗಿಗೆ? 'ನಾನು ಇವನನ್ನು ನಿಜವಾಗಿ ಪ್ರೀತಿಸುತ್ತಿದ್ದೇನಾ?' ಇದಕ್ಕೆ ರಿಲೇಶನ್‌ಶಿಪ್ ಒಸಿಡಿ ಅಂತಲೇ ಹೆಸರಿದೆ. ಈ ಪ್ರಶ್ನೆ ಎಲ್ಲರಿಗೂ ಒಮ್ಮೆಯಾದರೂ ಬರುತ್ತದೆ ಅಂತ ನೀವು ಹೇಳಬಹುದು. ಹೌದು, ಬರುತ್ತದೆ. ಆದರೆ ನಾವು ಯೋಚಿಸುತ್ತೇವೆ, ಒಂದು ಉತ್ತರಕ್ಕೆ ಬರುತ್ತೇವೆ, ಆ ಉತ್ತರದ ಮೇಲೆ ಸ್ವಲ್ಪ ದಿನ ನಿಲ್ಲುತ್ತೇವೆ. ಅವಳ ಉತ್ತರ ಹತ್ತು ನಿಮಿಷ ನಿಲ್ಲುವುದಿಲ್ಲ. ಅವನು ನಕ್ಕಾಗ ತನ್ನ ಎದೆ ಬಡಿತ ಹೆಚ್ಚಾಯಿತಾ ಅಂತ ನೋಡಿಕೊಳ್ಳುತ್ತಾಳೆ. ನೋಡಿಕೊಳ್ಳುತ್ತಿದ್ದರೆ ಎದೆ ಎಲ್ಲಿ ಬಡಿಯುತ್ತದೆ? 'ನೋಡು, ಏನೂ ಆಗಲಿಲ್ಲ' ಅಂತ ಗಾಬರಿಯಾಗುತ್ತಾಳೆ. ಮುತ್ತು ಕೊಡುವಾಗ ಕೂಡ ಅವಳು ಅರ್ಧ ಅಲ್ಲಿದ್ದು, ಇನ್ನರ್ಧ ದೂರ ನಿಂತು ಪರೀಕ್ಷೆ ಮಾಡುತ್ತಿರುತ್ತಾಳೆ. ಎಷ್ಟೋ ಜನ ಇದರಿಂದ ಸೋತು, ಒಳ್ಳೆಯ ಸಂಬಂಧವನ್ನು ಕೈಯಾರೆ ಮುರಿದುಕೊಂಡು, ಮುಂದಿನ ಸಂಬಂಧದಲ್ಲಿ ಮತ್ತೆ ಅದೇ ಪ್ರಶ್ನೆಗೆ ಸಿಕ್ಕಿಬೀಳುತ್ತಾರೆ.

ಇನ್ನೊಬ್ಬಳಿಗೆ, ಅವನು ನಿದ್ದೆಯಲ್ಲಿರುವಾಗ ತಾನು ಚಾಕು ತೆಗೆದುಬಿಟ್ಟರೆ ಅನ್ನುವ ಭಯ. ಅವಳು ಚಾಕುಗಳನ್ನೆಲ್ಲ ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಡುತ್ತಾಳೆ. ಇದನ್ನು ಬರೆಯುವ ಧೈರ್ಯ ಮಾಡಿದರೆ ಒಂದು ವಿಷಯದಲ್ಲಿ ತುಂಬಾ ಎಚ್ಚರ ಇರಲಿ. ಆ ಯೋಚನೆ ಅವಳ ಆಸೆ ಅಲ್ಲ. ಅದು ಅವಳು ಅತಿಯಾಗಿ ಹೆದರುವ ಸಂಗತಿ, ಅದಕ್ಕೇ ಅಷ್ಟು ಹಿಂಸೆ. ದಯವಿಟ್ಟು ಅದನ್ನು ಕಥೆಯ ಥ್ರಿಲ್ಲಿಗೆ ಬಳಸಬೇಡಿ, ಕೊನೆಗೆ ನಿಜ ಮಾಡಿಬಿಡಬೇಡಿ. ಈ ಯೋಚನೆಗಳನ್ನು ವರ್ಷಗಟ್ಟಲೆ ಯಾರಿಗೂ ಹೇಳದೆ, 'ನಾನು ರಾಕ್ಷಸಿ' ಅಂದುಕೊಂಡು ಬದುಕಿದವರು ನಿಮ್ಮ ಪುಸ್ತಕ ಓದುತ್ತಾರೆ.

ಹೇಳಿಕೊಳ್ಳುವ ದೃಶ್ಯದಲ್ಲೂ ಇದೇ ವಿಷಯ ಬರುತ್ತದೆ. 'ನನಗೆ ಒಸಿಡಿ ಇದೆ' ಅನ್ನುವುದು ಅಷ್ಟೇನೂ ಕಷ್ಟದ ಮಾತಲ್ಲ, ಈಗ ಜನ ಆ ಪದವನ್ನು ತಮಾಷೆಗೂ ಬಳಸುತ್ತಾರೆ. ಕಷ್ಟ ಇರುವುದು 'ನನಗೆ ಬರುವ ಯೋಚನೆ ಇದು' ಅಂತ ಹೇಳುವುದರಲ್ಲಿ. ಅವಳು ಮೊದಲನೆಯದನ್ನು ಬೇಗ ಹೇಳಲಿ. ಅವನು 'ಅಷ್ಟೇನಾ, ನಾನೂ ನೀಟ್ ಆಗಿರ್ತೀನಿ' ಅಂತ ನಗಲಿ. ಎರಡನೆಯದನ್ನು ಹೇಳೋಕೆ ಅವಳಿಗೆ ನೂರು ಪುಟ ಹಿಡಿಯಲಿ.

ಈಗ ನಿಮ್ಮ ತಾಳ್ಮೆಯ ನಾಯಕನಿಗೆ ಬರೋಣ. ಅವನಿಂದಲೇ ನಿಮ್ಮ ಕಥೆಗೆ ನಿಜವಾದ ಬಿಕ್ಕಟ್ಟು ಸಿಗುತ್ತದೆ ಅಂತ ನನಗೆ ಅನ್ನಿಸುತ್ತದೆ. ಈ ಮಾತುಕತೆ ನೋಡಿ:

'ನಿಂಗೆ ನನ್ನ ಮೇಲೆ ಬೇಜಾರಿಲ್ಲ ತಾನೇ?'
'ಇಲ್ಲ ಕಣೇ.'
'ನಿಜವಾಗ್ಲೂ?'
'ನಿಜವಾಗ್ಲೂ.'
'ಈಗ ನಿಜವಾಗ್ಲೂ ಅಂದಾಗ ನಿನ್ನ ದನಿ ಬೇರೆ ಥರ ಇತ್ತು.'

ಅವನು ಒಳ್ಳೆಯವನು, ಉತ್ತರ ಕೊಡುತ್ತಾನೆ. ಅವಳಿಗೆ ಒಂದು ಕ್ಷಣ ಹಗುರ. ನಾಳೆ ಅದೇ ಪ್ರಶ್ನೆ ಎರಡು ಸಲ, ಮುಂದಿನ ತಿಂಗಳು ಇಪ್ಪತ್ತು ಸಲ. ಆಮೇಲೆ ಅವನು ಹೊರಗಿಂದ ಬಂದ ತಕ್ಷಣ ಬಟ್ಟೆ ಬದಲಿಸುತ್ತಾನೆ, ಯಾಕೆಂದರೆ ಅವಳಿಗೆ ಕಷ್ಟ. ಬೀಗವನ್ನು ಅವನೇ ಹಾಕುತ್ತಾನೆ. ಗೆಳೆಯರನ್ನು ಮನೆಗೆ ಕರೆಯುವುದಿಲ್ಲ. ಒಂದೊಂದೂ ಪ್ರೀತಿಯಿಂದ ಮಾಡಿದ್ದೇ. ಆದರೆ ಎಲ್ಲ ಸೇರಿದರೆ, ಅವನು ಕಾಯಿಲೆಯ ಕೆಲಸವನ್ನು ಅವಳ ಜೊತೆ ಹಂಚಿಕೊಂಡು ಮಾಡುತ್ತಿದ್ದಾನೆ. ಮನೆಯವರು ಹೀಗೆ ಹೊಂದಿಕೊಳ್ಳುತ್ತಾ ಹೋದಷ್ಟೂ ಒಸಿಡಿ ಗಟ್ಟಿಯಾಗುತ್ತದೆ ಅನ್ನುವುದನ್ನು ನಾವು ಚಿಕಿತ್ಸೆಯಲ್ಲಿ ದಿನವೂ ಕಾಣುತ್ತೇವೆ. ನಿಮ್ಮ ಹಸ್ತಪ್ರತಿಯಲ್ಲಿ ಅವನ ತಾಳ್ಮೆಯೇ ಔಷಧಿ. ವಾಸ್ತವದಲ್ಲಿ ಅದೇ ತಾಳ್ಮೆ ಅವಳನ್ನು ಕಟ್ಟಿಹಾಕಬಹುದು, ಅವನನ್ನು ಒಳಗೊಳಗೇ ಸುಸ್ತು ಮಾಡಬಹುದು. ಅವನಿಗೆ ಒಂದು ದಿನ ಸಿಟ್ಟು ಬರಲಿ, ಕೂಗಲಿ, ಆಮೇಲೆ ಪಶ್ಚಾತ್ತಾಪಪಡಲಿ. ಸಿಟ್ಟೇ ಬರದ ನಾಯಕನನ್ನು ಒಸಿಡಿ ಇರುವ ಮನೆಯವರು ಯಾರೂ ನಂಬುವುದಿಲ್ಲ.

ಅವನು ತರ್ಕ ಮಾಡುವ ದೃಶ್ಯವಿದ್ದರೆ ತೆಗೆದುಬಿಡಿ, ಅಥವಾ ಸೋಲುವ ಹಾಗೆ ಬರೆಯಿರಿ. 'ಹಾಗೆಲ್ಲ ರೋಗ ಹರಡಲ್ಲ' ಅಂತ ಅವನು ಹೇಳಬೇಕಾಗಿಲ್ಲ, ಅವಳಿಗೆ ಅದು ಅವನಿಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಬಿಡಲಾಗದಿರುವುದೇ ಅವಳ ಸಂಕಟ. 'ಅದನ್ನ ಯೋಚನೆ ಮಾಡ್ಬೇಡ' ಅನ್ನುವುದೂ ಅಷ್ಟೇ. 1987ರಲ್ಲಿ ಡೇನಿಯಲ್ ವೆಗ್ನರ್ ಅನ್ನುವ ಮನಶ್ಶಾಸ್ತ್ರಜ್ಞ ಜನರಿಗೆ ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ ಅಂದು ಕೂರಿಸಿದಾಗ ಅವರ ತಲೆಯಲ್ಲಿ ಕರಡಿ ಬಂದು ಬಂದು ಹೋಯಿತು.

ಹಾಗಾದರೆ ಅವನು ಏನು ಮಾಡಬೇಕು? ಅವಳು ಥೆರಪಿಗೆ ಹೋಗುತ್ತಾಳೆ ಅಂತಿಟ್ಟುಕೊಳ್ಳಿ. ಒಂದು ದಿನ ಅವನನ್ನೂ ಜೊತೆಗೆ ಕೂರಿಸಿಕೊಂಡು ಮಾತಾಗುತ್ತದೆ. ಮೂವರೂ ಸೇರಿ ಒಂದು ಒಪ್ಪಂದಕ್ಕೆ ಬರುತ್ತಾರೆ. ಆಮೇಲೆ ಒಂದು ರಾತ್ರಿ ಅವಳು ಅದೇ ಪ್ರಶ್ನೆ ಕೇಳುತ್ತಾಳೆ. ಅವನಿಗೆ ಉತ್ತರ ನಾಲಿಗೆಯ ತುದಿಯಲ್ಲಿದೆ, ಒಂದು 'ಇಲ್ಲ' ಅಂದರೆ ಅವಳ ಮುಖ ಅರಳುತ್ತದೆ ಅಂತ ಗೊತ್ತು. ಅವನು ಹೇಳುತ್ತಾನೆ, 'ಇದಕ್ಕೆ ಉತ್ತರ ಕೊಡಲ್ಲ ಅಂತ ಮಾತಾಡ್ಕೊಂಡಿದ್ವಿ. ಆದ್ರೆ ನಾನು ಎದ್ದು ಹೋಗಲ್ಲ, ಇಲ್ಲೇ ಇರ್ತೀನಿ.' ಅವಳು ಅಳುತ್ತಾಳೆ, ಬಯ್ಯುತ್ತಾಳೆ, ಬೇಡಿಕೊಳ್ಳುತ್ತಾಳೆ. ಅವನು ಕೂತೇ ಇರುತ್ತಾನೆ. ಎಷ್ಟೋ ಹೊತ್ತಾದ ಮೇಲೆ, ಉತ್ತರ ಸಿಗದೆಯೂ, ಅವಳ ಉಸಿರು ನಿಧಾನವಾಗುತ್ತದೆ. ನಿಮ್ಮ ಕಾದಂಬರಿಯ ಅತಿ ದೊಡ್ಡ ಪ್ರೇಮದೃಶ್ಯ ಇದೇ ಆಗಬಹುದು. ಇದನ್ನು ಅವಸರ ಮಾಡದೆ ಬರೆಯಿರಿ.

ಹತ್ತಿರವಾಗುವ ದೃಶ್ಯಗಳ ಬಗ್ಗೆ ಕೇಳಿದ್ದೀರಿ. ಒಸಿಡಿ ಇರುವ ಎಲ್ಲರಿಗೂ ಮುಟ್ಟಿದರೆ ಭಯ ಅಂತೇನಿಲ್ಲ, ಅದು ಭಯ ಯಾವುದರದ್ದು ಅನ್ನುವುದರ ಮೇಲಿದೆ. ಕೊಳೆಯ ಭಯ ಇರುವವಳಿಗೆ ಎಂಜಲು, ಬೆವರು, ಹಾಸಿಗೆಯ ಬಟ್ಟೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಆದರೂ ಅವಳಿಗೆ ಆಸೆ ಇಲ್ಲ ಅಂತಲ್ಲ. ಆಸೆ, ಭಯ ಎರಡೂ ಒಟ್ಟಿಗೇ ಇರುತ್ತವೆ, ಒಂದು ಇನ್ನೊಂದಕ್ಕೆ ದಾರಿ ಬಿಡುವುದಿಲ್ಲ. ಬೇಡದ ಯೋಚನೆಗಳ ಕಾಟ ಇರುವವಳಿಗೆ ಸರಿಯಾಗಿ ಆ ಗಳಿಗೆಯಲ್ಲೇ ಅಸಹ್ಯವಾದ ಚಿತ್ರವೊಂದು ನುಗ್ಗಬಹುದು. ಅವಳು ಥಟ್ಟನೆ ಕಲ್ಲಾಗುತ್ತಾಳೆ, ಅವನು ತನ್ನಿಂದೇನೋ ತಪ್ಪಾಯಿತು ಅಂದುಕೊಳ್ಳುತ್ತಾನೆ. ಅವಳು ನಿಜ ಹೇಳಲಾರಳು. ಮಾತ್ರೆಗಳ ಪಾತ್ರವೂ ಇದೆ. ಫ್ಲುಯೊಕ್ಸೆಟೀನ್, ಸರ್ಟ್ರಾಲಿನ್‌ನಂಥ ಮಾತ್ರೆಗಳನ್ನು ಒಸಿಡಿಗೆ ಸಾಮಾನ್ಯವಾಗಿ ಖಿನ್ನತೆಗಿಂತ ಹೆಚ್ಚಿನ ಪ್ರಮಾಣದಲ್ಲಿ ಕೊಡುತ್ತಾರೆ. ಅವುಗಳಿಂದ ಕೆಲವರಲ್ಲಿ ಕಾಮಾಸಕ್ತಿ ಕಡಿಮೆಯಾಗುತ್ತದೆ, ಸುಖದ ತುದಿ ಮುಟ್ಟುವುದು ತಡವಾಗುತ್ತದೆ. ಪ್ರೇಮಕಥೆಗಳು ಇದನ್ನು ಮುಟ್ಟುವುದೇ ಇಲ್ಲ, ಮುಟ್ಟಬೇಕು. ಅವಳು ಮಾತ್ರೆಯನ್ನು ತಾನಾಗಿಯೇ ನಿಲ್ಲಿಸಿಬಿಡುವ ಒಂದು ತಿರುವು ಬೇಕಿದ್ದರೆ ಕಾರಣ ಇಲ್ಲೇ ಇದೆ. ಅದರ ಪರಿಣಾಮವನ್ನೂ ಬರೆಯಿರಿ, ವೈದ್ಯರ ಹತ್ತಿರ ಬಾಯಿಬಿಟ್ಟು ಹೇಳಿ ಡೋಸ್ ಅಥವಾ ಮಾತ್ರೆ ಬದಲಿಸಿಕೊಳ್ಳುವುದನ್ನೂ ಬರೆಯಿರಿ.

ಒಂದು ಮಾತ್ರ ಬೇಡವೇ ಬೇಡ. ಭಯ ಬಿಡಿಸುತ್ತೇನೆ ಅಂತ ನಾಯಕ ಇದ್ದಕ್ಕಿದ್ದ ಹಾಗೆ ಅವಳನ್ನು ಎಳೆದು ಮುತ್ತು ಕೊಡುವುದು, ಅಥವಾ ಕೈಹಿಡಿದು ಕೆಸರಿಗೆ ಅದ್ದುವುದು. ಇದನ್ನು ಚಿಕಿತ್ಸೆ ಅಂತ ಜನ ನಂಬಿಬಿಡುತ್ತಾರೆ. ನಿಜವಾದ ಚಿಕಿತ್ಸೆಯ ಹೆಸರು ಎಕ್ಸ್‌ಪೋಷರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಶನ್. 1966ರಲ್ಲಿ ಲಂಡನ್‌ನಲ್ಲಿ ವಿಕ್ಟರ್ ಮೇಯರ್ ಅನ್ನುವ ಮನಶ್ಶಾಸ್ತ್ರಜ್ಞ ಇಬ್ಬರು ರೋಗಿಗಳಿಗೆ ಮಾಡಿದ ಪ್ರಯೋಗವನ್ನು ಪ್ರಕಟಿಸಿದಲ್ಲಿಂದ ಇದು ಬೆಳೆದು ಬಂತು. ಭಯ ಹುಟ್ಟಿಸುವುದನ್ನು ಬೇಕಂತಲೇ ಎದುರಿಸಬೇಕು, ಆಮೇಲೆ ಮಾಡಬೇಕೆನಿಸುವ ಕೆಲಸವನ್ನು ಮಾಡದೆ ಇರಬೇಕು. ಆದರೆ ಯಾವಾಗ, ಎಷ್ಟು ಅನ್ನುವುದಕ್ಕೆ ಅವಳ ಒಪ್ಪಿಗೆ ಇರಬೇಕು. ಚಿಕ್ಕ ಭಯದಿಂದ ಶುರು, ದೊಡ್ಡದು ಆಮೇಲೆ. ಬಾಗಿಲ ಹಿಡಿಕೆ ಮುಟ್ಟಿ ಹತ್ತು ನಿಮಿಷ ಕೈ ತೊಳೆಯದೆ ಕೂರುವುದು ಹೊರಗಿನವರಿಗೆ ಏನೂ ಅಲ್ಲ. ಅವಳಿಗೆ ಆ ಹತ್ತು ನಿಮಿಷದಲ್ಲಿ ಬೆನ್ನು ಬೆವರುತ್ತದೆ.

ಕಾಲದ ಲೆಕ್ಕ ತಪ್ಪಬೇಡಿ. ಮಾತ್ರೆ ಕೆಲಸ ಮಾಡುತ್ತಿದೆಯಾ ಅಂತ ತಿಳಿಯೋಕೆ 8ರಿಂದ 12 ವಾರ ಬೇಕು. ಥೆರಪಿಯೂ ತಿಂಗಳುಗಟ್ಟಲೆ. ಒಂದು ಅಧ್ಯಾಯದಲ್ಲಿ ಡಾಕ್ಟರ್, ಮುಂದಿನದರಲ್ಲಿ ನಗು, ಹಾಗಾಗುವುದಿಲ್ಲ.

ಸುಖಾಂತ್ಯ ಬೇಕು ಅಂದಿರಿ, ಖಂಡಿತ ಇಡಿ. ಒಸಿಡಿ ಇರುವವರು ಪ್ರೀತಿಸುತ್ತಾರೆ, ಮದುವೆಯಾಗುತ್ತಾರೆ, ಚೆನ್ನಾಗಿ ಬಾಳುತ್ತಾರೆ. ಆದರೆ ಸುಖ ಅಂದರೆ ಕಾಯಿಲೆ ಪೂರ್ತಿ ಮಾಯವಾಗುವುದು ಅಂತ ಬರೆಯಬೇಡಿ. ಕಾಯಿಲೆಯ ತೀವ್ರತೆ ಅಳೆಯೋಕೆ ಯೇಲ್-ಬ್ರೌನ್ ಮಾಪಕ ಅಂತ ಒಂದಿದೆ, 1989ರಲ್ಲಿ ಬಂದದ್ದು. 10 ಪ್ರಶ್ನೆ, ಒಟ್ಟು 40 ಅಂಕ. ಸಂಶೋಧನೆಗಳಲ್ಲಿ ಅಂಕ ಶೇ 35ರಷ್ಟು ಇಳಿದರೂ ಚಿಕಿತ್ಸೆ ಫಲ ಕೊಟ್ಟಿತು ಅಂತ ಲೆಕ್ಕ ಹಿಡಿಯುತ್ತಾರೆ. ನಿಮ್ಮ ನಾಯಕಿ 28 ಅಂಕದಿಂದ 14ಕ್ಕೆ ಬಂದಳು ಅನ್ನಿ. ಯೋಚನೆಗಳು ಆಗಲೂ ಬರುತ್ತವೆ. ಆದರೆ ಅವಳಿಗೆ ಸಂಜೆಗಳು ವಾಪಸ್ ಸಿಕ್ಕಿವೆ, ಗೆಳೆಯರು ಮನೆಗೆ ಬರುತ್ತಾರೆ, ಪುಸ್ತಕ ಓದುತ್ತಾ ನಿದ್ದೆ ಹೋಗುತ್ತಾಳೆ. ಪರೀಕ್ಷೆ, ಮಗು, ಸಾವು, ಇಂಥ ಒತ್ತಡದ ದಿನಗಳಲ್ಲಿ ಕಾಯಿಲೆ ಮತ್ತೆ ತಲೆ ಎತ್ತಬಹುದು ಅಂತ ಇಬ್ಬರಿಗೂ ಗೊತ್ತಿದೆ.

ಕೊನೆಯ ದೃಶ್ಯಕ್ಕೆ ಬೀಗವನ್ನೇ ಮತ್ತೆ ತನ್ನಿ. ಅವನು ಕೆಳಗೆ ಕಾಯುತ್ತಿದ್ದಾನೆ. ಅವಳು ಬೀಗ ಹಾಕಿ, ಒಂದು ಸಲ ಎಳೆದು, ಮೆಟ್ಟಿಲ ಹತ್ತಿರ ಬರುತ್ತಾಳೆ. ಸಂಶಯ ಬಂದೇ ಬರುತ್ತದೆ. ಅವಳು ನಿಲ್ಲುತ್ತಾಳೆ, ಕೈಯಲ್ಲಿ ಕೀಲಿಕೈ ಒದ್ದೆಯಾಗುತ್ತದೆ. ಆಮೇಲೆ ಇಳಿಯುತ್ತಾಳೆ. ಬೀಗ ಸರಿಯಾಗಿ ಬಿದ್ದಿದೆಯೋ ಇಲ್ಲವೋ ಅಂತ ಅವಳಿಗೂ ಗೊತ್ತಿಲ್ಲ, ಓದುಗರಿಗೂ ಹೇಳಬೇಡಿ.

ಇದನ್ನು ಬರೆದು ಮುಗಿಸಿದ ಮೇಲೆ ಗೆಳತಿಗೆ ಮತ್ತೆ ಕೊಡಿ, ಅವರಿಗೆ ಮನಸ್ಸಿದ್ದರೆ ಮಾತ್ರ. ಓದುವಾಗಲೇ ಕಾಟ ಜಾಸ್ತಿಯಾಗುವ ಪುಟಗಳಿರಬಹುದು ಅಂತ ಮೊದಲೇ ತಿಳಿಸಿ. 'ಸರಿ ಇದೆಯಾ?' ಅಂತ ಕೇಳಬೇಡಿ, 'ಯಾವ ಸಾಲಿನಲ್ಲಿ ಇವಳಿಗೆ ನಿನ್ನಷ್ಟು ಸುಸ್ತಾಗಿಲ್ಲ?' ಅಂತ ಕೇಳಿ. ಅವರು ಗುರುತು ಹಾಕಿದ ಸಾಲುಗಳನ್ನು ನನಗೂ ಕಳಿಸಿ, ಒಟ್ಟಿಗೆ ನೋಡೋಣ.